ಕಟ್ಟೆಯವರು ಕಡಲಿಗೆ ಹೋದದ್ದು

ನಮ್ಮ ಮಂಡ್ಯ ಜಿಲ್ಲೆಯಲ್ಲಿ ಒಂದು ಸಾಗರವಿದೆ, ಒಂದು ಸಮುದ್ರವೂ ಇದೆ. ಕೃಷ್ಣರಾಜಸಾಗರ, ಶಿವನಸಮುದ್ರ. ಎರಡರಲ್ಲೂ ಉಪ್ಪಿಲ್ಲ. ಉಪ್ಪಿರುವ ಸಮುದ್ರವನ್ನು ನಮ್ಮ ಮನೆಯಲ್ಲಿ ನೋಡಿದ್ದವಳು ನಾನೊಬ್ಬಳೇ. ಅದೂ ಕಾಲೇಜು ಪ್ರವಾಸದಲ್ಲಿ, ಮಲ್ಪೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ನಿಂತು.

ನಮಸ್ಕಾರ. ಈ ಸಲದ ವಿಡಿಯೊದಲ್ಲಿ ನನ್ನ ದನಿ ಸ್ವಲ್ಪ ಬೇರೆಯಾಗಿ ಕೇಳಿಸುತ್ತಿದ್ದರೆ ಕಾರಣ ಇಷ್ಟೇ: ಹಡಗಿನ ಮೇಲೆ ಮಾತನಾಡಿದ್ದನ್ನೆಲ್ಲ ಗಾಳಿ ನುಂಗಿಹಾಕಿದೆ. ಮೈಕಿನ ಸ್ಪಂಜು ಮೊದಲ ಸಂಜೆಯೇ ಹಾರಿ ಅರಬ್ಬಿ ಸಮುದ್ರ ಸೇರಿತು. ಹಾಗಾಗಿ ಮನೆಯ ಒಳಕೋಣೆಯಲ್ಲಿ ಫ್ಯಾನು ನಿಲ್ಲಿಸಿ, ಬಾಗಿಲು ಹಾಕಿಕೊಂಡು, ಬೆವರುತ್ತ ಕಥೆ ಹೇಳುತ್ತಿದ್ದೇನೆ. ನಡುವೆ ಕರು ಕೂಗಿದರೆ ಅದು ನಮ್ಮ ಕೊಟ್ಟಿಗೆಯದು.

ಫೆಬ್ರವರಿಯ ಒಂದು ವಾರಾಂತ್ಯ. ಶುಕ್ರವಾರ ಮಧ್ಯಾಹ್ನ ಮುಂಬೈಯಲ್ಲಿ ಹಡಗು ಹತ್ತುವುದು, ಎರಡು ರಾತ್ರಿ ಕಡಲಿನಲ್ಲೇ ಸುತ್ತುವುದು, ಭಾನುವಾರ ಬೆಳಿಗ್ಗೆ ಹತ್ತಿದಲ್ಲೇ ಇಳಿಯುವುದು. ನಡುವೆ ಯಾವ ಊರೂ ಇಲ್ಲ. ಹೊರಟವರು ನಾನು, ಅಪ್ಪ, ಅಮ್ಮ ಮತ್ತು ಅಪ್ಪನ ಅಕ್ಕ, ಪಾಂಡವಪುರದ ಹತ್ತಿರವಿರುವ ನಮ್ಮ ಅತ್ತೆ.

“ಹೋಗುವುದು ಎಲ್ಲಿಗೆ?” ಎಂದು ಅತ್ತೆ ಕೇಳಿದರು.

“ಎಲ್ಲಿಗೂ ಇಲ್ಲ ಅತ್ತೆ. ಹೋಗಿ ಬರುವುದು.”

“ಹಾಗಾದರೆ ದುಡ್ಡು ಯಾತಕ್ಕೆ?”

ದುಡ್ಡಿನ ಮಾತು ಬಂದಿತಲ್ಲ, ಅದನ್ನೂ ಇಲ್ಲೇ ಮುಗಿಸುತ್ತೇನೆ. ಮೈಸೂರಿನ ಏಜೆಂಟರೊಬ್ಬರು ಹೇಳಿದ ಬೆಲೆಯಲ್ಲಿ ಬಂದರು ಶುಲ್ಕ ಇರಲಿಲ್ಲ, ತೆರಿಗೆ ಇರಲಿಲ್ಲ, ಸಿಬ್ಬಂದಿಯ ಟಿಪ್ಸ್ ಕೂಡ ಇರಲಿಲ್ಲ. ಮುಂಗಡ ಕಟ್ಟಿದ ಮೇಲೆ ಒಂದೊಂದಾಗಿ ಹೊರಬಂದವು. ನೀವು ಹೋಗುವುದಾದರೆ ಕೇಳಬೇಕಾದದ್ದು “ಟಿಕೆಟ್ ಎಷ್ಟು” ಎಂದಲ್ಲ, “ಇಳಿಯುವ ಹೊತ್ತಿಗೆ ಒಟ್ಟು ಎಷ್ಟು” ಎಂದು.

ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್. ಗುಂತಕಲ್, ಸೋಲಾಪುರ, ಪುಣೆ ಎಂದು ಸುತ್ತಿಕೊಂಡು ಹೋಗುವಷ್ಟರಲ್ಲಿ ಒಂದು ಇಡೀ ದಿನ ಕಳೆಯುತ್ತದೆ. ಮದ್ದೂರು ವಡೆ ಕಲಬುರಗಿಯ ಹೊತ್ತಿಗೇ ಖಾಲಿ. ರೈಲಿನ ದೃಶ್ಯಗಳನ್ನು ಕತ್ತರಿಸಿದ್ದೇನೆ, ಅತ್ತೆ ಇಡೀ ದಾರಿ ಮಲಗಿದ್ದರು. ಮುಂಬೈಯಲ್ಲಿ ನಾವು ಇಳಿದ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ನಿಂದ ಹಡಗು ನಿಲ್ಲುವ ಬಲಾರ್ಡ್ ಪಿಯರ್ ತೀರಾ ಹತ್ತಿರ. ರಾತ್ರಿ ಅಲ್ಲೇ ಒಂದು ಲಾಡ್ಜಿನಲ್ಲಿ ಉಳಿದೆವು.

ಈಗ ಕಾಣುತ್ತಿರುವುದು ಬಂದರಿನ ತಪಾಸಣೆಯ ಜಾಗ. ಅಲ್ಲಿ ಕ್ಯಾಮೆರಾ ಹಿಡಿಯಬಾರದು ಎಂದರು, ಹಾಗಾಗಿ ನಮ್ಮ ಚಪ್ಪಲಿಗಳು ಮಾತ್ರ ಕಾಣುತ್ತಿವೆ. ಇಲ್ಲಿ ನಡೆದದ್ದನ್ನು ಮಾತಿನಲ್ಲೇ ಹೇಳಬೇಕು. ಅತ್ತೆಯ ಎಲೆಅಡಿಕೆ ಚೀಲ ಯಂತ್ರದೊಳಗೆ ಹೋಯಿತು, ಪಟ್ಟಿ ನಿಂತಿತು. ಕಾವಲಿನ ಹುಡುಗ ಚೀಲ ಬಿಚ್ಚಿ ಒಳಗಿನಿಂದ ಅಡಕತ್ತರಿ ಎತ್ತಿ ಹಿಡಿದ. ಕಬ್ಬಿಣದ್ದು, ಅಜ್ಜಿಯ ಕಾಲದ್ದು. ಹಿಡಿಯ ಮೇಲೆ ಹೆಬ್ಬೆರಳು ಕೂರುವ ಕಡೆ ಸವೆದು ಸಣ್ಣ ಹಳ್ಳ ಬಿದ್ದಿದೆ. ಅವನು ಅದನ್ನು ತೆರೆದ, ಮುಚ್ಚಿದ, ಮೇಲಧಿಕಾರಿಯನ್ನು ಕರೆದ. ಅತ್ತೆ ಕನ್ನಡದಲ್ಲೇ, “ಕತ್ತಿಯಲ್ಲಪ್ಪ, ಇದು ಅಡಿಕೆಗೆ” ಎಂದು ಗಾಳಿಯಲ್ಲಿ ಕತ್ತರಿಸಿ ತೋರಿಸಿದರು. ಅದರಿಂದ ಕೆಲಸ ಇನ್ನಷ್ಟು ಕೆಟ್ಟಿತು. ಹರಿತವಾದ ಯಾವ ವಸ್ತುವೂ ಹಡಗಿನೊಳಗೆ ಹೋಗುವಂತಿಲ್ಲ. ಅಡಕತ್ತರಿಯನ್ನು ಒಂದು ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಟೋಕನ್ ಕೊಟ್ಟು, ಇಳಿಯುವಾಗ ಪಡೆದುಕೊಳ್ಳಿ ಎಂದರು. ವೀಳ್ಯದೆಲೆ, ಇಡೀ ಅಡಿಕೆ, ಸುಣ್ಣದ ಡಬ್ಬಿ ಒಳಗೆ ಹೋದವು. ಕತ್ತರಿಸುವ ಸಾಧನ ಮಾತ್ರ ದಡದಲ್ಲಿ ಉಳಿಯಿತು. ಅತ್ತೆ ಟೋಕನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಹಡಗು ಎದುರಿಗೆ ನಿಂತಾಗ ಅದು ಹಡಗು ಎಂದು ಅನಿಸುವುದೇ ಇಲ್ಲ. ಬಿಳಿ ಬಣ್ಣದ ಕಟ್ಟಡ, ಹನ್ನೊಂದು ಅಂತಸ್ತು. ಉದ್ದ ಇನ್ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು. ಅಪ್ಪ ಕೂಡಲೇ ಲೆಕ್ಕಕ್ಕೆ ಇಳಿದರು. ನಮ್ಮ ಕಡೆ ಕೆಆರ್‌ಎಸ್ ಎನ್ನುವವರು ಪೇಟೆಯವರು. ಹಳಬರ ಬಾಯಲ್ಲಿ ಅದು ಕನ್ನಂಬಾಡಿ ಕಟ್ಟೆ, ಚುಟುಕಾಗಿ ಕಟ್ಟೆ. ಕಟ್ಟೆಯ ಉದ್ದ 2,621 ಮೀಟರ್. “ಹನ್ನೆರಡು ಹಡಗು ಸಾಲಾಗಿ ನಿಲ್ಲಿಸಿದರೆ ಕಟ್ಟೆ” ಎಂದರು ಅಪ್ಪ, ಹಡಗಿನ ಬಗ್ಗೆ ಅವರಿಗಿದ್ದ ಭಯಭಕ್ತಿ ಅಲ್ಲಿಗೇ ಅರ್ಧ ಇಳಿದ ಹಾಗೆ.

ಹೊರಡುವ ಮೊದಲು ಎಲ್ಲರೂ ಒಂದು ಕಡೆ ಸೇರಿ ಅಪಾಯದ ಅಭ್ಯಾಸ ಮಾಡಬೇಕು. ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದಕ್ಕೆ ಸೀಟಿ ಊದುತ್ತಾರೆ. ಸಕ್ಕರೆ ಕಾರ್ಖಾನೆಯ ಸೈರನ್ ಕೇಳಿ ಬೆಳೆದ ಅಮ್ಮನಿಗೆ ಇದು ಹೊಸದೇನಲ್ಲ. ಉದ್ದದ ಸೀಟಿ ಬಂದಾಗ “ಪಾಳಿ ಬಿಟ್ಟಿತು” ಎಂದರು. ಸುತ್ತಲಿನ ಅನೇಕರು ಮೊಬೈಲ್ ನೋಡುತ್ತ ನಿಂತಿದ್ದರು. ನನಗೆ ಅದು ಸರಿ ಕಾಣಲಿಲ್ಲ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಎಂಬ ಹಡಗು ಬಂಡೆಗೆ ಬಡಿದು ವಾಲಿಕೊಂಡಿತಲ್ಲ, 32 ಜನ ಸತ್ತರು. ಅಂದು ಹೊಸದಾಗಿ ಹತ್ತಿದ್ದ ಪ್ರಯಾಣಿಕರಿಗೆ ಈ ಅಭ್ಯಾಸ ಇನ್ನೂ ಆಗಿರಲಿಲ್ಲ. ಹಡಗು ಹೊರಡುವ ಮೊದಲೇ, ತಪ್ಪಿದರೆ ಹೊರಟ ಕೂಡಲೇ, ಇದನ್ನು ಮಾಡಿಸಬೇಕು ಎಂಬ ನಿಯಮ ಬಂದದ್ದು ಅದಾದ ಮೇಲೆ. ಇಪ್ಪತ್ತು ನಿಮಿಷದ ಕೆಲಸ, ಕಿತ್ತಳೆ ಬಣ್ಣದ ಜಾಕೆಟ್ಟಿನ ಪಟ್ಟಿ ಹೇಗೆ ಬಿಗಿಯುವುದು ಎಂದು ಕಲಿತರೆ ನಷ್ಟವೇನು?

ಇದು ನನಗೆ ಬಹಳ ಇಷ್ಟವಾದ ದೃಶ್ಯ. ಹಡಗು ಮುಂದಕ್ಕೂ ಹೋಗುತ್ತಿಲ್ಲ, ಹಿಂದಕ್ಕೂ ಹೋಗುತ್ತಿಲ್ಲ. ಅಡ್ಡಡ್ಡ ಸರಿಯುತ್ತಿದೆ. ಮೂತಿಯ ಕೆಳಗೆ, ನೀರಿನೊಳಗೆ, ಅಡ್ಡಲಾಗಿ ಕೂರಿಸಿದ ಚಕ್ರಗಳು ಅದನ್ನು ದಡದಿಂದ ತಳ್ಳುತ್ತವೆ. ಮಂಡ್ಯದ ಬಸ್ ನಿಲ್ದಾಣದ ಚಾಲಕರಿಗೆ ಈ ಸೌಲಭ್ಯವಿದ್ದಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು. ದಡ ಬಿಟ್ಟ ಮೇಲೆ ಬಂದರಿನ ಪೈಲಟ್ ದಾರಿ ತೋರಿಸುತ್ತಾನೆ. ಹಡಗಿಗೆ ಅದರದೇ ಕಪ್ತಾನನಿದ್ದರೂ ಬಂದರಿನ ಆಳ, ತಿಟ್ಟು, ಸೆಳವು ಗೊತ್ತಿರುವುದು ಊರಿನವನಿಗೆ. ತೆರೆದ ಕಡಲು ಸಿಕ್ಕಿದ ಮೇಲೆ ಒಂದು ಪುಟ್ಟ ದೋಣಿ ಪಕ್ಕಕ್ಕೆ ಬಂದಿತು. ಎರಡೂ ಓಡುತ್ತಿರುವಾಗಲೇ ಆತ ಹಡಗಿನ ಹೊಟ್ಟೆಯ ಬಾಗಿಲಿನಿಂದ ಹಗ್ಗದ ಏಣಿ ಹಿಡಿದು ಇಳಿದ. ದೋಣಿ ಅಲೆಯ ಮೇಲೆ ಏಳುವವರೆಗೆ ಕಾದ, ಎದ್ದಿತು, ಕಾಲಿಟ್ಟ, ಹೋದ. ಮೇಲೆ ಈಜುಕೊಳದ ಪಕ್ಕದಲ್ಲಿ ಆಗಲೇ ಸ್ಪೀಕರ್ ಹಚ್ಚಿ ಕುಣಿಯುತ್ತಿದ್ದರು. ಆ ಏಣಿಯನ್ನು ನೋಡಿದವರು ನಾವು ನಾಲ್ವರೇ ಇರಬೇಕು.

ಕ್ಯಾಬಿನ್ ವಿಷಯ ಬೇಗ ಹೇಳಿಬಿಡುತ್ತೇನೆ. ನಾವು ತೆಗೆದುಕೊಂಡದ್ದು ಕಿಟಕಿಯಿಲ್ಲದ, ಎಲ್ಲಕ್ಕಿಂತ ಅಗ್ಗದ ಕೋಣೆಗಳು. ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು. ಆದರೆ ಕೆಳಗಿನ ಅಂತಸ್ತು, ಹಡಗಿನ ನಡುಭಾಗ. ಓಲಾಟ ಕಡಿಮೆ ಇರುವುದು ಅಲ್ಲೇ. ಏತದ ಮರದ ತುದಿ ಏರಿಳಿದಷ್ಟು ನಡು ಏರಿಳಿಯುವುದಿಲ್ಲವಲ್ಲ, ಹಾಗೆ. ಸ್ನಾನದ ಮನೆಯಲ್ಲಿ ಬಕೆಟ್ಟಿಲ್ಲ, ಚೊಂಬಿಲ್ಲ. ಅಮ್ಮನ ಎರಡು ದಿನದ ಏಕೈಕ ದೂರು ಅದು. ಶೌಚಾಲಯದ ಗುಂಡಿ ಒತ್ತಿದರೆ ಗಾಳಿ ಎಳೆದುಕೊಳ್ಳುವ ಸದ್ದಿಗೆ ಅವರು ಮೊದಲ ಸಲ ಹೊರಗೇ ಓಡಿ ಬಂದರು. ಅದು ನಿರ್ವಾತದಿಂದ ಸೆಳೆಯುವ ವ್ಯವಸ್ಥೆ, ಒಂದು ಸಲಕ್ಕೆ ಸುಮಾರು ಒಂದೇ ಲೀಟರ್ ನೀರು ಸಾಕು. ಅಪ್ಪ ಇದನ್ನು ಕೇಳಿ ಬಹಳ ಮೆಚ್ಚಿದರು.

ಕೋಣೆ ನೋಡಿಕೊಳ್ಳುವ ಹುಡುಗ ಕುಂದಾಪುರದ ಕಡೆಯವನು. ನಾವು ಕನ್ನಡ ಮಾತನಾಡಿದ್ದು ಕೇಳಿ ತಾನಾಗಿಯೇ ಹತ್ತಿರ ಬಂದ. ಅಡಕತ್ತರಿಯ ಕಥೆ ಕೇಳಿ, ಎಲ್ಲಿಂದಲೋ ಅಕ್ರೋಟ್ ಒಡೆಯುವ ಇಕ್ಕಳ ತಂದ. ಅಡಿಕೆ ಒಡೆಯಿತು ನಿಜ, ಆದರೆ ಚೂರುಗಳು ಮಂಚದ ಕೆಳಗೆಲ್ಲ ಹಾರಿದವು. ಅತ್ತೆ ಉಳಿದದ್ದನ್ನು ಅಂಗೈಯಲ್ಲಿ ಹಿಡಿದು ನೋಡಿ, “ಇದು ಅಡಿಕೆಯಲ್ಲ ಮಗ, ರವೆ” ಎಂದರು. ಆದರೂ ಹಾಕಿಕೊಂಡರು.

ಅಪ್ಪನ ಪ್ರಶ್ನೆ ಬೇರೆ. ನಾಲೆಯ ಬಯಲಿನಲ್ಲಿ ಗದ್ದೆ ಮಾಡಿದವರಿಗೆ ನೀರು ಎಂದರೆ ಒಂದು ಸಂಖ್ಯೆ. ಕಟ್ಟೆ ತುಂಬಿದರೆ 124.80 ಅಡಿ, ಇವತ್ತಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಪತ್ರಿಕೆಯಲ್ಲಿ ಅವರು ಮೊದಲು ನೋಡುವುದೇ ಅದನ್ನು. ಶನಿವಾರ ಬೆಳಿಗ್ಗೆ ಕಂಬಿ ಹಿಡಿದು ನಿಂತು, ಸುತ್ತ ನಾಲ್ಕು ದಿಕ್ಕಿಗೂ ನೀರೇ ನೀರು ಇರುವಾಗ, ಅವರು ಕೇಳಿದ್ದು: “ಇಲ್ಲಿ ಎಷ್ಟು ಅಡಿ ಇದೆ?”

ಕುಂದಾಪುರದ ಹುಡುಗನಿಗೆ ಗೊತ್ತಿರಲಿಲ್ಲ. ಇನ್ನೂ ದಡದ ಸಿಗ್ನಲ್ ಇದ್ದಾಗ ನಾನು ಓದಿಟ್ಟುಕೊಂಡಿದ್ದು ಉಪಯೋಗಕ್ಕೆ ಬಂದಿತು. ಮುಂಬೈಯ ಆಚೆ ಕಡಲಿನ ತಳ ಬಹಳ ದೂರದವರೆಗೆ ಮೆಲ್ಲಗೆ ಇಳಿಯುತ್ತದೆ. 1974ರಲ್ಲಿ ತೈಲ ಸಿಕ್ಕಿದ ಬಾಂಬೆ ಹೈ ಇರುವುದು ದಡದಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿ, ಆದರೂ ಅಲ್ಲಿ ನೀರಿನ ಆಳ ಸುಮಾರು 75 ಮೀಟರ್. ಅಪ್ಪ ಮೀಟರನ್ನು ಅಡಿಗೆ ತಿರುಗಿಸಿಕೊಂಡರು. ಇನ್ನೂರ ನಲವತ್ತಾರು.

“ಅಂದರೆ ಎರಡು ಕಟ್ಟೆ” ಎಂದರು. ದನಿಯಲ್ಲಿ ನಿರಾಸೆ. ಅಷ್ಟೇ ತಾನೇ ಎಂಬಂತೆ. ಆಮೇಲೆ, “ಹಡಗು ಎಷ್ಟು ಮುಳುಗಿರುತ್ತದೆ?” ಎಂದರು. ಸುಮಾರು ಏಳು ಮೀಟರ್ ಎಂದೆ. “ಇಪ್ಪತ್ತಮೂರು ಅಡಿ! ಹಾಗಾದರೆ ನಮ್ಮ ಕಟ್ಟೆಯಲ್ಲೂ ತೇಲುತ್ತದೆ.”

“ತೇಲುತ್ತದೆ ಅಪ್ಪ. ಶಿವನಸಮುದ್ರದ ಹತ್ತಿರ ಹತ್ತಿಸುವುದು ಕಷ್ಟ.”

ಅದಕ್ಕೆ ಅತ್ತೆ ನಕ್ಕದ್ದು ಈ ಎರಡು ದಿನದ ಒಳ್ಳೆಯ ದೃಶ್ಯ. ನೋಡಿ, ದನಿಯಿಲ್ಲದಿದ್ದರೂ ಗೊತ್ತಾಗುತ್ತದೆ.

ಆಮೇಲೆ ಅಪ್ಪನಿಗೆ ಹೊಳೆದ ಪ್ರಶ್ನೆ, ನಲ್ಲಿಯಲ್ಲಿ ಬರುವ ಸಿಹಿನೀರು ಎಲ್ಲಿಯದು? ಸಾವಿರಕ್ಕೂ ಹೆಚ್ಚು ಜನ ಸ್ನಾನ ಮಾಡುತ್ತಾರೆ, ಪಾತ್ರೆ ಬಟ್ಟೆ ಎಲ್ಲ ತೊಳೆಯಬೇಕು. ಎಲ್ಲವನ್ನೂ ಮುಂಬೈಯಿಂದಲೇ ಹೊತ್ತು ತಂದಿದ್ದಾರೆಯೇ? ಹುಡುಗ ಎಂಜಿನ್ ವಿಭಾಗದ ಗೆಳೆಯನನ್ನು ಕೇಳಿಕೊಂಡು ಮಧ್ಯಾಹ್ನ ಬಂದು ಹೇಳಿದ: ಸ್ವಲ್ಪ ದಡದಲ್ಲಿ ತುಂಬಿಸಿಕೊಳ್ಳುತ್ತಾರೆ, ಉಳಿದದ್ದು ಕಡಲಿನ ನೀರಿನಿಂದ ಮಾಡಿಕೊಳ್ಳುವುದು. ಎಂಜಿನ್ನು ಹೇಗೂ ಕಾಯುತ್ತದೆ. ಆ ಬಿಸಿಯನ್ನು ದಂಡ ಮಾಡದೆ ಉಪ್ಪುನೀರಿಗೆ ಕೊಡುತ್ತಾರೆ. ಆದರೆ ನೂರು ಡಿಗ್ರಿಗೆ ಕಾಯಿಸುವುದಿಲ್ಲ. ಪಾತ್ರೆಯೊಳಗಿನ ಗಾಳಿಯನ್ನು ಹೊರಗೆಳೆದುಬಿಟ್ಟರೆ ನೀರು ಬಹಳ ಕಡಿಮೆ ಬಿಸಿಗೇ ಕುದಿಯುತ್ತದೆ. ಆವಿ ತಣಿದರೆ ಸಿಹಿನೀರು.

ಹುಡುಗ ಇಷ್ಟು ಹೇಳುವಷ್ಟರಲ್ಲಿ ಅಪ್ಪನ ಮುಖ ಅರಳಿತ್ತು. “ಇದು ನಮ್ಮ ಪ್ಯಾನ್ ಅಲ್ಲವೇನಮ್ಮ!”

ವಯಸ್ಸಿನಲ್ಲಿ ಅಪ್ಪ ನಾಲ್ಕು ಹಂಗಾಮು ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯುವುದು ತೆರೆದ ಕೊಪ್ಪರಿಗೆಯಲ್ಲಿ, ಬೆಂಕಿ ಹೆಚ್ಚಾದರೆ ಪಾಕ ಸೀಯುತ್ತದೆ, ಬೆಲ್ಲ ಕಪ್ಪಾಗುತ್ತದೆ. ಕಾರ್ಖಾನೆಯಲ್ಲಿ ಮುಚ್ಚಿದ ಪ್ಯಾನಿನಿಂದ ಗಾಳಿ ತೆಗೆದು, ಕಡಿಮೆ ಬಿಸಿಗೇ ಕುದಿಸುತ್ತಾರೆ. ಅದಕ್ಕೇ ಹರಳು ಸೀಯದೆ ಕೂಡುವುದು. ಅಪ್ಪ ಹುಡುಗನನ್ನು ಕೂರಿಸಿಕೊಂಡು ಇದನ್ನೆಲ್ಲ ಹೇಳಿದರು. ಹರಳು ಕಟ್ಟಿತೇ ಎಂದು ನೋಡಲು ಗಾಜಿನ ಪಟ್ಟಿಯ ಮೇಲೆ ಪಾಕ ಎಳೆದು ಬೆಳಕಿಗೆ ಹಿಡಿಯುವುದನ್ನು ತಟ್ಟೆಯ ಮೇಲಿದ್ದ ಜಾಮಿನಿಂದ ಮಾಡಿ ತೋರಿಸಿದರು. “ನಮಗೆ ಆವಿ ಹೋದರೆ ಸಾಕು, ಸಕ್ಕರೆ ಉಳಿಯಬೇಕು. ನಿಮಗೆ ಆವಿ ಬೇಕು, ಉಪ್ಪು ಹೋಗಬೇಕು.” ಹುಡುಗನಿಗೆ ಪಾಳಿಯ ಹೊತ್ತಾಗಿತ್ತು, ಆದರೂ ಎದ್ದು ಹೋಗಲಿಲ್ಲ.

ಊಟ, ಆಟ, ನಾಟಕ, ಜಾದೂ ಎಲ್ಲ ಇತ್ತು. ಜಾಹೀರಾತಿನಲ್ಲಿ ನೀವೇ ನೋಡಿರುತ್ತೀರಿ, ಅದರಿಂದ ಹೆಚ್ಚೇನೂ ಇಲ್ಲ. ಮುದ್ದೆ ಇಲ್ಲ. ಮೊಸರನ್ನ ಇತ್ತು, ಮಾನ ಉಳಿಯಿತು. ಶನಿವಾರ ರಾತ್ರಿ ಗಾಳಿ ಎದ್ದು ಅಮ್ಮನಿಗೆ ತಲೆ ಸುತ್ತಿತು. ಈ ತಿಂಗಳುಗಳಲ್ಲಿ ಅರಬ್ಬಿ ಸಮುದ್ರ ಶಾಂತ, ಮಳೆಗಾಲದಲ್ಲಾದರೆ ಕೇಳುವುದೇ ಬೇಡವಂತೆ. ಓಲಾಟ ತಡೆಯಲು ಹಡಗಿನ ಎರಡೂ ಪಕ್ಕ ನೀರೊಳಗೆ ಮೀನಿನ ರೆಕ್ಕೆಯಂಥವು ಚಾಚಿಕೊಳ್ಳುತ್ತವೆ, ಆದರೂ ಅಮ್ಮನ ಹೊಟ್ಟೆಗೆ ಅದು ತಿಳಿಯಲಿಲ್ಲ. ಶುಂಠಿ ಚೂರು ಬಾಯಿಗೆ ಹಾಕಿ, ಮೇಲೆ ಕರೆದುಕೊಂಡು ಹೋಗಿ, ದೂರದ ಮೀನುದೋಣಿಗಳ ದೀಪ ನೋಡುತ್ತ ಕೂರಿಸಿದ ಮೇಲೆ ಸುಧಾರಿಸಿದರು. ಅತ್ತೆಗೆ ಏನೂ ಆಗಲಿಲ್ಲ. “ಹುಣ್ಣಿಮೆ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದೆವು, ಇದಕ್ಕಿಂತ ಹೆಚ್ಚು ಕುಲುಕುತ್ತಿತ್ತು” ಎಂದು ಗೊರಕೆ ಹೊಡೆದರು.

ಮತ್ತೆ ಹೋಗುತ್ತೀಯಾ ಎಂದು ನೀವು ಕೇಳಿದರೆ, ಎರಡು ರಾತ್ರಿಯದಕ್ಕೆ ಹೋಗುವುದಿಲ್ಲ. ಹಡಗಿನೊಳಗಿನ ದಾರಿ ಗೊತ್ತಾಗುವಷ್ಟರಲ್ಲಿ ಸಾಮಾನು ಬಾಗಿಲ ಹೊರಗಿಡಿ ಎಂಬ ಚೀಟಿ ಬಂದಿರುತ್ತದೆ.

ಭಾನುವಾರ ಬೆಳಿಗ್ಗೆ ಮುಂಬೈಯ ಕಟ್ಟಡಗಳು ಮಂಜಿನಲ್ಲಿ ಕಾಣಿಸಿದವು, ಅದರ ಹಿಂದೆಯೇ ಎಲ್ಲರ ಮೊಬೈಲ್‌ಗಳೂ ಒಟ್ಟಿಗೆ ಬಡಿದುಕೊಂಡವು. ಇಳಿದ ಕೂಡಲೇ ಅಪ್ಪ ನಾಲೆಯ ನೀರು ಬಿಡುವ ನೀರುಗಂಟಿಗೆ ಫೋನ್ ಮಾಡಿದರು. ನಮ್ಮ ತೂಬಿಗೆ ಕಟ್ಟು ನೀರು, ಅಂದರೆ ಸರದಿಯ ನೀರು, ಬರಬೇಕಾದ ವಾರ ಅದು. ಅತ್ತೆ ಸೆರಗಿನ ಗಂಟು ಬಿಚ್ಚಿ ಟೋಕನ್ ಕೊಟ್ಟು, ಲಕೋಟೆ ಹರಿದು, ಅಲ್ಲೇ ನಮ್ಮ ದೊಡ್ಡ ಚೀಲದ ಮೇಲೆ ಕುಳಿತರು. ಈ ಒಂದು ದನಿ ಮಾತ್ರ ಚೆನ್ನಾಗಿ ದಾಖಲಾಗಿದೆ, ಗಾಳಿಯಿರಲಿಲ್ಲ. ಕೇಳಿ: ಅಡಕತ್ತರಿಯ ಕಟಕ್, ಹಿಂದೆ ಅಪ್ಪ ಕೂಗಿ ಕೇಳುತ್ತಿರುವುದು, “ರಾತ್ರಿಯೇ ಬಿಟ್ಟರಾ? ಎಷ್ಟು ಹೊತ್ತಿಗೆ?”