ವಿದ್ಯುತ್ ಕಾರಿನ ಏಳೂವರೆ ಸಾವಿರ ಡಾಲರ್: ಯಾರು ಅರ್ಹರು, ಯಾವ ಕಾರಿಗೆ, ಯಾವ ದಿನದವರೆಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಯುಗಾದಿಗೋ ರಾಜ್ಯೋತ್ಸವಕ್ಕೋ ಒಂದೆಡೆ ಸೇರಿದಾಗ, ಹೊಸದಾಗಿ ವಿದ್ಯುತ್ ಕಾರು ಕೊಂಡವರನ್ನು ಸುತ್ತಲಿದ್ದವರು ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು: "ಆ ಏಳೂವರೆ ಸಾವಿರ ಸಿಕ್ಕಿತಾ?" ಫೆಡರಲ್ ಸರ್ಕಾರ ಕೊಡುತ್ತಿದ್ದ 7,500 ಡಾಲರ್ ತೆರಿಗೆ ಕ್ರೆಡಿಟ್ಟಿನ ಬಗೆಗಿನ ಪ್ರಶ್ನೆ ಅದು. 2025ರ ಸೆಪ್ಟೆಂಬರ್ 30ರ ನಂತರ ಕೊಂಡ ಕಾರುಗಳಿಗೆ ಆ ಕ್ರೆಡಿಟ್ ಇಲ್ಲ. ಆದರೂ ಅರ್ಹತೆಯ ವಿಚಾರ ಅಲ್ಲಿಗೆ ಮುಗಿಯುವುದಿಲ್ಲ. ಆ ದಿನಕ್ಕೆ ಮೊದಲೇ ಕರಾರು ಮಾಡಿಕೊಂಡವರು, ಡೀಲರಿನ ಬಳಿ ಮುಂಗಡವಾಗಿ ಕ್ರೆಡಿಟ್ ಪಡೆದು ಇನ್ನೂ ರಿಟರ್ನ್‌ನಲ್ಲಿ ಲೆಕ್ಕ ಒಪ್ಪಿಸದವರು, ತಮಗೆ ಬರಬೇಕಾದದ್ದನ್ನು ಕೇಳದೇ ಬಿಟ್ಟವರು, ಹೀಗೆ ಅನೇಕರಿಗೆ ಈ ನಿಯಮಗಳು ಇಂದಿಗೂ ಹಣದ ಪ್ರಶ್ನೆಯೇ ಆಗಿವೆ. ಕಾರು ವಿದ್ಯುತ್ತಿನಲ್ಲಿ ಓಡುತ್ತದೆ ಎಂಬುದು ಇದರಲ್ಲಿ ಮೊದಲ ಮೆಟ್ಟಿಲು ಮಾತ್ರ. ಕ್ರೆಡಿಟ್ ದಕ್ಕುವುದೂ ತಪ್ಪುವುದೂ ಹೆಚ್ಚಾಗಿ ಕೊಂಡವರ ಆದಾಯ, ಮಾರಿದವರು ಕೊಟ್ಟ ಕಾಗದ ಮತ್ತು ಕರಾರಿನ ತಾರೀಖು ಇವುಗಳ ಮೇಲೆ. ಇದನ್ನು ತಡವಾಗಿ ತಿಳಿದು ಪೇಚಾಡಿದವರನ್ನು ಹತ್ತಿರದಿಂದ ಕಂಡಿರುವುದರಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಮೊದಲಿಗೆ ಕ್ರೆಡಿಟ್ ಎಂದರೇನು ಎಂಬುದನ್ನು ನೋಡೋಣ. ಭಾರತದಲ್ಲಿ ವಿದ್ಯುತ್ ವಾಹನದ ಸಾಲದ ಬಡ್ಡಿಗೆ ಆದಾಯ ತೆರಿಗೆಯ 80ಇಇಬಿ ಕಲಮಿನಡಿ ಒಂದೂವರೆ ಲಕ್ಷ ರೂಪಾಯಿವರೆಗೆ ವಿನಾಯಿತಿ ಇತ್ತು. 2019ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗೆ ಮಂಜೂರಾದ ಸಾಲಗಳಿಗೆ ಅದು ಅನ್ವಯಿಸುತ್ತಿತ್ತು. ಅದು ಆದಾಯದಲ್ಲಿ ಕಳೆಯುವ ಮೊತ್ತ. ಅಮೆರಿಕದ ಕ್ರೆಡಿಟ್ ಹಾಗಲ್ಲ. ಎಲ್ಲ ಲೆಕ್ಕ ಮುಗಿದು ಕಟ್ಟಬೇಕಾದ ತೆರಿಗೆ ಇಷ್ಟು ಎಂದು ತೀರ್ಮಾನವಾದ ಮೇಲೆ, ಆ ತೆರಿಗೆಯಿಂದಲೇ ನೇರವಾಗಿ ಕಳೆಯುವ ಮೊತ್ತ ಅದು. ಆದ್ದರಿಂದಲೇ ಅದರ ತೂಕ ಹೆಚ್ಚು. ಆದರೆ ರಿಟರ್ನ್ ಮೂಲಕ ಕೇಳಿದಾಗ ಇದು ಮರಳಿ ಕೈಗೆ ಬರುವ ಹಣವಲ್ಲ: ವರ್ಷದ ತೆರಿಗೆ 5,000 ಡಾಲರ್ ಮಾತ್ರ ಇದ್ದರೆ ಕ್ರೆಡಿಟ್ ಕೂಡ 5,000ಕ್ಕೇ ನಿಲ್ಲುತ್ತದೆ, ಉಳಿದ 2,500 ಮುಂದಿನ ವರ್ಷಕ್ಕೂ ಹೋಗುವುದಿಲ್ಲ.

ಈ ಸೌಲಭ್ಯದ ಮೂಲ 2008ರ ಕಾಯ್ದೆಯಲ್ಲಿದೆ. ಬ್ಯಾಟರಿಯ ಗಾತ್ರವನ್ನು ನೋಡಿ 2,500ರಿಂದ 7,500 ಡಾಲರ್‌ವರೆಗೆ ಕೊಡುತ್ತಿದ್ದರು. ಒಂದು ಕಂಪನಿ 2,00,000 ಕಾರು ಮಾರಿದ ಮೇಲೆ ಅದರ ಗಿರಾಕಿಗಳಿಗೆ ಕ್ರೆಡಿಟ್ ಹಂತ ಹಂತವಾಗಿ ಇಳಿದು ನಿಂತುಹೋಗುತ್ತಿತ್ತು. 2018ರಲ್ಲಿ ಟೆಸ್ಲಾ ಮತ್ತು ಜನರಲ್ ಮೋಟರ್ಸ್ ಎರಡೂ ಆ ಗಡಿ ದಾಟಿದವು. 2022ರ ಆಗಸ್ಟ್ 16ರಂದು ಅಧ್ಯಕ್ಷ ಜೋ ಬೈಡನ್ ಸಹಿ ಹಾಕಿದ ಹಣದುಬ್ಬರ ಇಳಿಕೆ ಕಾಯ್ದೆ ಆ ಸಂಖ್ಯೆಯ ಮಿತಿಯನ್ನು 2023ರಿಂದ ತೆಗೆದುಹಾಕಿತು. ಅದರ ಬದಲಿಗೆ ಅದು ತಂದ ಷರತ್ತುಗಳೇ ನಮ್ಮ ಇಂದಿನ ವಿಷಯ.

ಕಾರಿಗೆ ಸಂಬಂಧಿಸಿದ ಷರತ್ತುಗಳು ಇವು. ಕಾರಿನ ಕೊನೆಯ ಜೋಡಣೆ ಉತ್ತರ ಅಮೆರಿಕದಲ್ಲೇ ಆಗಿರಬೇಕು. ಕಂಪನಿ ಯಾವ ದೇಶದ್ದು ಎಂಬುದು ಮುಖ್ಯವಲ್ಲ. ಮೆಕ್ಸಿಕೋದಲ್ಲಿ ಜೋಡಣೆಯಾದ ಕಾರು ಈ ಪರೀಕ್ಷೆಯಲ್ಲಿ ಗೆಲ್ಲುತ್ತಿತ್ತು, ದಕ್ಷಿಣ ಕೊರಿಯಾದಿಂದ ಹಡಗಿನಲ್ಲಿ ಬಂದದ್ದು ಸೋಲುತ್ತಿತ್ತು. ಕಂಪನಿ ಗೊತ್ತುಮಾಡಿದ ಚಿಲ್ಲರೆ ಬೆಲೆ ಸಾಮಾನ್ಯ ಕಾರಿಗೆ 55,000 ಡಾಲರ್, ಎಸ್‌ಯುವಿ, ವ್ಯಾನ್ ಮತ್ತು ಪಿಕಪ್ ಟ್ರಕ್ಕಿಗೆ 80,000 ಡಾಲರ್ ಮೀರುವಂತಿರಲಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಚೌಕಾಸಿ ಮಾಡಿ ಇಳಿಸಿದ ಬೆಲೆಯಲ್ಲ, ಕಾರಿನ ಗಾಜಿಗೆ ಅಂಟಿಸಿದ ಚೀಟಿಯ ಬೆಲೆ. ಕಾರ್ಖಾನೆಯಲ್ಲೇ ಹಾಕಿಸಿದ ಹೆಚ್ಚುವರಿ ಸೌಕರ್ಯಗಳ ಬೆಲೆ ಅದಕ್ಕೆ ಸೇರುತ್ತದೆ, ಸಾಗಣೆ ಶುಲ್ಕ ಮತ್ತು ತೆರಿಗೆ ಸೇರುವುದಿಲ್ಲ.

ಇದಲ್ಲದೆ 2023ರ ಏಪ್ರಿಲ್ 18ರಿಂದ 7,500ನ್ನು ಎರಡು ಸಮಪಾಲು ಮಾಡಲಾಯಿತು. ಬ್ಯಾಟರಿಯ ಖನಿಜಗಳಲ್ಲಿ ನಿಗದಿತ ಪಾಲು ಅಮೆರಿಕದಿಂದಲೋ ಅದರೊಂದಿಗೆ ಮುಕ್ತ ವ್ಯಾಪಾರ ಒಪ್ಪಂದವಿರುವ ದೇಶಗಳಿಂದಲೋ ಬಂದಿದ್ದರೆ, ಇಲ್ಲವೆ ಉತ್ತರ ಅಮೆರಿಕದಲ್ಲಿ ಮರುಬಳಕೆಯಿಂದ ದೊರೆತಿದ್ದರೆ 3,750. ಬ್ಯಾಟರಿಯ ಬಿಡಿಭಾಗಗಳಲ್ಲಿ ನಿಗದಿತ ಪಾಲು ಉತ್ತರ ಅಮೆರಿಕದಲ್ಲಿ ತಯಾರಾಗಿದ್ದರೆ ಇನ್ನೊಂದು 3,750. ಖನಿಜದ ಪಾಲು 2023ರಲ್ಲಿ ಶೇಕಡಾ 40, 2024ರಲ್ಲಿ 50, 2025ರಲ್ಲಿ 60 ಎಂದು ಏರುತ್ತಾ ಹೋಯಿತು. 2024ರಿಂದ ಚೀನಾ ಮೊದಲಾದ ದೇಶಗಳ ಹಿಡಿತದಲ್ಲಿರುವ ಸಂಸ್ಥೆಗಳ ಬಿಡಿಭಾಗ ಇದ್ದರೆ ಕ್ರೆಡಿಟ್ ಪೂರ್ತಿ ಇಲ್ಲವಾಯಿತು. ಹೀಗಾಗಿ 2023ರಲ್ಲಿ ಅರ್ಧ ಕ್ರೆಡಿಟ್ ಇದ್ದ ಫೋರ್ಡ್ ಮಸ್ಟಾಂಗ್ ಮಾಕ್-ಇ 2024ರ ಜನವರಿಯಿಂದ ಪಟ್ಟಿಯಲ್ಲೇ ಇರಲಿಲ್ಲ. ಈ ಲೆಕ್ಕವನ್ನು ಗಿರಾಕಿ ಮಾಡಬೇಕಾಗಿರಲಿಲ್ಲ, ಕಂಪನಿಗಳು ಸರ್ಕಾರಕ್ಕೆ ಒಪ್ಪಿಸುತ್ತಿದ್ದವು; ಆದರೆ ಹಳೆಯ ಪಟ್ಟಿಯನ್ನು ನಂಬಿ ಕೊಂಡವರಿಗೆ ನಷ್ಟವಾಗುತ್ತಿತ್ತು.

ಇನ್ನು ಆದಾಯದ ವಿಚಾರ. ನಮ್ಮವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೊಸ ಕಾರಿಗೆ, ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಸಲ್ಲಿಸುವುದಾದರೆ ಆದಾಯದ ಮಿತಿ 3,00,000 ಡಾಲರ್. ಕುಟುಂಬದ ಮುಖ್ಯಸ್ಥರೆಂದು ಸಲ್ಲಿಸುವವರಿಗೆ 2,25,000. ಒಂಟಿಯಾಗಿರುವವರಿಗೂ ದಂಪತಿಗಳಾಗಿದ್ದು ಬೇರೆ ಬೇರೆ ಸಲ್ಲಿಸುವವರಿಗೂ 1,50,000. ಮಿತಿಗಿಂತ ಒಂದು ಡಾಲರ್ ಹೆಚ್ಚಾದರೂ ಕ್ರೆಡಿಟ್ ಸೊನ್ನೆ, ನಡುವೆ ಇಳಿಜಾರಿಲ್ಲ. ಆದರೆ ಕಾಯ್ದೆ ಒಂದು ಒಳ್ಳೆಯ ಅನುಕೂಲವನ್ನೂ ಇಟ್ಟಿದೆ. ಕಾರು ಕೈಗೆ ಬಂದ ವರ್ಷದ ಆದಾಯ ಮತ್ತು ಅದರ ಹಿಂದಿನ ವರ್ಷದ ಆದಾಯ, ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಬಹುದು. 2024ರಲ್ಲಿ 1,45,000 ಗಳಿಸಿದ ಅವಿವಾಹಿತ ಎಂಜಿನಿಯರ್ ಒಬ್ಬರು 2025ರಲ್ಲಿ ಬಡ್ತಿ ಪಡೆದು 1,70,000 ಗಳಿಸಿದರೂ, 2025ರಲ್ಲಿ ಪಡೆದ ಕಾರಿಗೆ ಅರ್ಹರೇ ಆಗಿರುತ್ತಾರೆ. ಆ ವರ್ಷದ ಸಂಬಳವನ್ನು ಮಾತ್ರ ನೋಡಿ "ನನಗೆ ಬರುವುದಿಲ್ಲ" ಎಂದು ಸುಮ್ಮನಾದವರು ಇದ್ದಾರೆ. ಅಂಥವರು ಸಾಮಾನ್ಯವಾಗಿ ರಿಟರ್ನ್ ಸಲ್ಲಿಸಿದ 3 ವರ್ಷದೊಳಗೆ ತಿದ್ದುಪಡಿ ರಿಟರ್ನ್ ಹಾಕಲು ಅವಕಾಶವಿದೆ.

ಇಲ್ಲಿ ಆದಾಯವೆಂದರೆ ಸಂಬಳದ ಒಟ್ಟು ಮೊತ್ತವಲ್ಲ, ಕೈಗೆ ಬರುವ ಮೊತ್ತವೂ ಅಲ್ಲ. ನಿವೃತ್ತಿ ಖಾತೆಯಾದ 401ಕೆಗೆ ತೆರಿಗೆಗೆ ಮುನ್ನ ಕಟ್ಟಿದ ಹಣ ಈ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಎಲ್ಲರಿಗೂ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ನನ್ನು ಇಲ್ಲಿ ಕಳೆಯುವಂತಿಲ್ಲ. ಕಂಪನಿ ಕೊಟ್ಟ ಷೇರುಗಳು ಆ ವರ್ಷ ಕೈಸೇರಿದ್ದರೆ ಅವುಗಳ ಬೆಲೆಯೂ ಆದಾಯವೇ. ತೆರಿಗೆಯ ದೃಷ್ಟಿಯಲ್ಲಿ ಅಮೆರಿಕದ ನಿವಾಸಿಯಾದವರಿಗೆ ಮೈಸೂರಿನ ಮನೆಯ ಬಾಡಿಗೆ, ಊರಿನ ಬ್ಯಾಂಕಿನ ಠೇವಣಿಯ ಬಡ್ಡಿ ಎಲ್ಲವೂ ಸೇರುತ್ತದೆ. ಅನಿವಾಸಿ ಭಾರತೀಯರು ಇಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲವೆಂಬ ಕಾರಣಕ್ಕೆ ಇಲ್ಲಿಯೂ ಬಿಟ್ಟುಬಿಡುವವರಿದ್ದಾರೆ, ಅದು ತಪ್ಪು. ಬೆಂಗಳೂರಿನಲ್ಲಿದ್ದು ದುಡಿದ ಸಂಬಳವನ್ನು ವಿದೇಶದ ಗಳಿಕೆಯೆಂದು ತೆರಿಗೆಯಿಂದ ಹೊರಗಿಟ್ಟಿದ್ದರೂ, ಕಾರಿನ ಅರ್ಹತೆಯನ್ನು ನೋಡುವಾಗ ಅದನ್ನು ಮರಳಿ ಕೂಡಿಸಬೇಕು. ಪೌರತ್ವ, ಗ್ರೀನ್ ಕಾರ್ಡುಗಳ ಷರತ್ತು ಮಾತ್ರ ಈ ಕಲಮಿನಲ್ಲಿ ಇಲ್ಲ. ಎಚ್-1ಬಿ ವೀಸಾದಲ್ಲಿರುವ ಅನೇಕರಿಗೆ ಈ ವಿಷಯದಲ್ಲಿ ಅನಗತ್ಯ ಅಂಜಿಕೆಯಿತ್ತು.

2024ರ ಜನವರಿ 1ರಿಂದ ಕ್ರೆಡಿಟ್ಟನ್ನು ಡೀಲರಿಗೆ ವರ್ಗಾಯಿಸಿ, ಅಷ್ಟೂ ಹಣವನ್ನು ಕಾರಿನ ಬೆಲೆಯಲ್ಲೇ ಕಳೆಸಿಕೊಳ್ಳುವ ಅವಕಾಶ ಬಂತು. ಹೀಗೆ ಮಾಡಿದವರಿಗೆ ತೆರಿಗೆ ಕಡಿಮೆ ಇದ್ದರೂ ಪೂರ್ತಿ ಮೊತ್ತ ದಕ್ಕುತ್ತಿತ್ತು. ಸಣ್ಣ ಸಂಬಳದವರಿಗೆ, ನಿವೃತ್ತರಿಗೆ ಇದು ನಿಜವಾದ ಉಪಕಾರ ಎಂದು ನಾನು ಭಾವಿಸುತ್ತೇನೆ. ಆದರೆ ಎರಡೂ ವರ್ಷದ ಆದಾಯ ಮಿತಿ ಮೀರಿದ್ದರೆ, ಡೀಲರಿನ ಬಳಿ ಪಡೆದ ಅಷ್ಟೂ ಹಣವನ್ನು ರಿಟರ್ನ್ ಜೊತೆಗೆ ಮರಳಿ ಕಟ್ಟಬೇಕು. ಮುಂಗಡವಾಗಿ ಪಡೆದವರೂ 8936 ಸಂಖ್ಯೆಯ ಫಾರ್ಮನ್ನು ತುಂಬಲೇಬೇಕು, ಕಾರಿನ ಗುರುತಿನ ಸಂಖ್ಯೆಯಾದ ವಿಐಎನ್ ಬರೆಯಲೇಬೇಕು. ಮಾರಿದ ಡೀಲರು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಆನ್‌ಲೈನ್ ವ್ಯವಸ್ಥೆಯಲ್ಲಿ ಆ ಮಾರಾಟದ ವರದಿಯನ್ನು ದಾಖಲಿಸಿ, ಅದರ ಪ್ರತಿಯನ್ನು ಗಿರಾಕಿಗೆ ಕೊಟ್ಟಿರಬೇಕು. ಈ ಕಾಗದ ಇಲ್ಲದಿದ್ದರೆ ಉಳಿದೆಲ್ಲ ಅರ್ಹತೆ ಇದ್ದೂ ರಿಟರ್ನ್‌ನಲ್ಲಿ ಕ್ರೆಡಿಟ್ ತಿರಸ್ಕೃತವಾಗುತ್ತದೆ. ಸಾಲದ ಪತ್ರ, ವಿಮೆಯ ಪತ್ರಗಳ ಕಟ್ಟಿನಲ್ಲಿ ಆ ಒಂದು ಹಾಳೆ ಇದೆಯೇ ಎಂದು ದಯವಿಟ್ಟು ಇಂದೇ ಹುಡುಕಿ ನೋಡಿ.

ಬಳಸಿದ ಕಾರಿಗೂ ಬೇರೆಯಾದ ಕ್ರೆಡಿಟ್ ಇತ್ತು: ಬೆಲೆಯ ಶೇಕಡಾ 30, ಹೆಚ್ಚೆಂದರೆ 4,000 ಡಾಲರ್. ಕಾರಿನ ಬೆಲೆ 25,000 ಮೀರಬಾರದು, ಡೀಲರಿನಿಂದಲೇ ಕೊಂಡಿರಬೇಕು, ಕಾರಿನ ಮಾಡೆಲ್ ವರ್ಷ ಕೊಂಡ ವರ್ಷಕ್ಕಿಂತ ಕನಿಷ್ಠ 2 ವರ್ಷ ಹಿಂದಿನದಾಗಿರಬೇಕು, ಆದಾಯದ ಮಿತಿಗಳು ಹೊಸ ಕಾರಿನ ಮಿತಿಯ ಅರ್ಧ. ನಮ್ಮ ಮನೆಯ ಎರಡನೆಯ ಕಾರಿಗೆಂದು ನಾನು ನೋಡಿದ್ದ ಕಾರಿನ ಬೆಲೆ 24,800 ಎಂದು ಬರೆದಿತ್ತು. ಸಹಿ ಹಾಕುವ ಹೊತ್ತಿಗೆ ದಾಖಲೆ ಶುಲ್ಕವೆಂದು 399 ಡಾಲರ್ ಸೇರಿಸಿದರು. ರಾಜ್ಯದ ತೆರಿಗೆ, ನೋಂದಣಿ ಶುಲ್ಕಗಳು ಬೆಲೆಗೆ ಸೇರುವುದಿಲ್ಲ. ಡೀಲರು ತಾನಾಗಿ ಹಾಕುವ ಶುಲ್ಕ ಸೇರುತ್ತದೆ. 25,199 ಆದ ಆ ಕಾರಿಗೆ ಕ್ರೆಡಿಟ್ ಇರಲಿಲ್ಲ, ಬೆಲೆ ಇಳಿಸಲು ಅವರು ಒಪ್ಪಲಿಲ್ಲ, ನಾವು ಎದ್ದು ಬಂದೆವು. ನೂರು ತೊಂಬತ್ತೊಂಬತ್ತು ಡಾಲರಿಗೆ ನಾಲ್ಕು ಸಾವಿರ ಹೋಗುವುದು ಎಂಥ ಲೆಕ್ಕ ಎಂದು ಆ ದಿನವೆಲ್ಲ ನನ್ನ ಮನಸ್ಸು ಕುದಿಯುತ್ತಿತ್ತು.

ಲೀಸ್ ಮೇಲೆ ಕಾರು ಪಡೆದವರಿಗೊಂದು ಮಾತು. ಅಲ್ಲಿ ಕಾರಿನ ಮಾಲೀಕರು ಲೀಸ್ ಕಂಪನಿಯವರು. ವಾಣಿಜ್ಯ ವಾಹನಗಳ ಕಲಮಿನಡಿ ಕ್ರೆಡಿಟ್ ಅವರದು. ಆ ಕಲಮಿನಲ್ಲಿ ಜೋಡಣೆಯ ಸ್ಥಳದ ಷರತ್ತಾಗಲಿ ನಿಮ್ಮ ಆದಾಯದ ಮಿತಿಯಾಗಲಿ ಇರಲಿಲ್ಲ, ಆದ್ದರಿಂದಲೇ ಹೊರದೇಶದಿಂದ ಬಂದ ಕಾರುಗಳನ್ನೂ ಅನೇಕರು ಲೀಸ್ ಮೇಲೆ ಅಗ್ಗವಾಗಿ ಪಡೆದರು. ಆ ಲಾಭವನ್ನು ನಿಮಗೆ ಕಂತಿನಲ್ಲಿ ಇಳಿಸಿಕೊಟ್ಟಿರಬಹುದು, ಕೊಡದೆಯೂ ಇರಬಹುದು. ಏನೇ ಆದರೂ ನಿಮ್ಮ ರಿಟರ್ನ್‌ನಲ್ಲಿ ಅದನ್ನು ಕೇಳುವಂತಿಲ್ಲ.

2025ರ ಜುಲೈ 4ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಹಿ ಹಾಕಿದ ಕಾಯ್ದೆ, ಹೊಸ ಕಾರು, ಬಳಸಿದ ಕಾರು, ವಾಣಿಜ್ಯ ವಾಹನ ಈ ಮೂರೂ ಕ್ರೆಡಿಟ್ಟುಗಳನ್ನು ಸೆಪ್ಟೆಂಬರ್ 30ರ ನಂತರ ಕೊಂಡ ವಾಹನಗಳಿಗೆ ನಿಲ್ಲಿಸಿತು. ಮೊದಲಿನ ಕಾಯ್ದೆಯ ಪ್ರಕಾರ ಇವು 2032ರ ಕೊನೆಯವರೆಗೆ ಇರಬೇಕಾಗಿದ್ದವು. ಇಲ್ಲಿ "ಕೊಂಡ" ಎಂಬ ಪದದ ಅರ್ಥವೇ ಮುಖ್ಯ. ಐಆರ್‌ಎಸ್ ನೀಡಿದ ವಿವರಣೆಯಂತೆ, ಕಟ್ಟುಬೀಳುವ ಲಿಖಿತ ಕರಾರು ಆಗಿ, ಒಂದಿಷ್ಟಾದರೂ ಹಣ ಪಾವತಿಯಾದ ದಿನವೇ ಕಾರು ಕೊಂಡ ದಿನ. ಸಣ್ಣ ಮುಂಗಡವಾದರೂ ಸಾಕು, ಹಳೆಯ ಕಾರನ್ನು ಬದಲಿಗೆ ಕೊಟ್ಟಿದ್ದರೂ ಸರಿ. ಈ ಎರಡೂ ಸೆಪ್ಟೆಂಬರ್ 30ರೊಳಗೆ ಆಗಿದ್ದರೆ, ಕಾರು ಕೈಗೆ ಬಂದದ್ದು ನವೆಂಬರಿನಲ್ಲಾದರೂ ಅರ್ಹತೆ ಉಳಿಯುತ್ತದೆ. ಕ್ರೆಡಿಟ್ ಕೇಳಬೇಕಾದ್ದು ಕಾರು ಕೈಗೆ ಬಂದ ವರ್ಷದ ರಿಟರ್ನ್‌ನಲ್ಲಿ. ಹಾಗಾಗಿ 2026ರಲ್ಲಿ ಕಾರು ಪಡೆದವರು 2026ರ ರಿಟರ್ನ್‌ನಲ್ಲಿ ಕೇಳಬೇಕು, ಆದಾಯವನ್ನೂ 2026 ಮತ್ತು 2025ರದ್ದನ್ನೇ ನೋಡಬೇಕು. ಕರಾರಿನ ಪ್ರತಿ, ಹಣ ಕೊಟ್ಟ ರಸೀದಿ, ಎರಡರ ಮೇಲೂ ತಾರೀಖು ಸ್ಪಷ್ಟವಾಗಿರಲಿ.

ಅದೇ ಕಾಯ್ದೆಯಲ್ಲಿ ಉಳಿದಿರುವ ಎರಡು ಸೌಲಭ್ಯಗಳನ್ನು ಇದರೊಂದಿಗೆ ಗೊಂದಲ ಮಾಡಿಕೊಳ್ಳಬಾರದು. ಮನೆಯಲ್ಲಿ ಚಾರ್ಜರ್ ಹಾಕಿಸಿದ ಖರ್ಚಿನ ಶೇಕಡಾ 30, ಹೆಚ್ಚೆಂದರೆ 1,000 ಡಾಲರ್, ಕ್ರೆಡಿಟ್ ಆಗಿ ಸಿಗುವುದು 2026ರ ಜೂನ್ 30ರೊಳಗೆ ಬಳಕೆಗೆ ಬಂದವಕ್ಕೆ, ಅದೂ ಮನೆಯು ಜನಗಣತಿಯ ಪ್ರಕಾರ ಕಡಿಮೆ ಆದಾಯದ ಅಥವಾ ನಗರವಲ್ಲದ ವಲಯದಲ್ಲಿದ್ದರೆ ಮಾತ್ರ. ಮತ್ತೊಂದು, 2025ರಿಂದ 2028ರವರೆಗೆ ಹೊಸ ಕಾರಿನ ಸಾಲದ ಬಡ್ಡಿಗೆ ವರ್ಷಕ್ಕೆ 10,000 ಡಾಲರ್‌ವರೆಗಿನ ಕಡಿತ. ಇದು ಪೆಟ್ರೋಲ್ ಕಾರಿಗೂ ಉಂಟು, ಆದರೆ ಜೋಡಣೆ ಅಮೆರಿಕದೊಳಗೇ ಆಗಿರಬೇಕು. ಮೆಕ್ಸಿಕೋದ್ದು ಇಲ್ಲಿ ನಡೆಯುವುದಿಲ್ಲ. ಒಂಟಿಯಾಗಿ ಸಲ್ಲಿಸುವವರಿಗೆ 1,00,000, ಜಂಟಿಯಾಗಿ ಸಲ್ಲಿಸುವವರಿಗೆ 2,00,000 ಡಾಲರ್ ಆದಾಯ ದಾಟಿದ ಮೇಲೆ ಇದು ಕ್ರಮೇಣ ಇಳಿಯುತ್ತದೆ. ಇದು ಕ್ರೆಡಿಟ್ ಅಲ್ಲ, ಆದಾಯದಲ್ಲಿ ಕಳೆಯುವ ಮೊತ್ತ: ವರ್ಷಕ್ಕೆ 3,000 ಡಾಲರ್ ಬಡ್ಡಿ ಕಟ್ಟಿ ಶೇಕಡಾ 22ರ ತೆರಿಗೆ ಮಟ್ಟದಲ್ಲಿರುವವರಿಗೆ ಉಳಿಯುವುದು 660 ಡಾಲರ್. ಇದಕ್ಕೂ ರಿಟರ್ನ್‌ನಲ್ಲಿ ವಿಐಎನ್ ಬರೆಯಲೇಬೇಕು.

ನಮಸ್ಕಾರ.