ಜೋಲಿಯಲ್ಲಿ ಬಂದ ಪ್ರಧಾನಿ

ನೀವೀಗ ನೋಡುತ್ತಿರುವ ಈ ಪುಟ್ಟ ಮನೆ ಮನಿಲಾದ ಪಾಸಿಗ್ ನದಿಯ ದಂಡೆಯಲ್ಲಿ, ಫಿಲಿಪೀನ್ಸ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಮೊದಲು ನಗ್ತಹಾನ್ ಎಂಬಲ್ಲಿದ್ದ ಇದನ್ನು ಕಾಪಾಡಿಕೊಳ್ಳಲೆಂದು ಇಲ್ಲಿಗೆ ತಂದಿದ್ದಾರೆ. 1903ರ ಮೇ 13ರಂದು ಫಿಲಿಪೀನ್ಸ್ ಕ್ರಾಂತಿಯ ಮುಂದಾಳು ಅಪೊಲಿನಾರಿಯೊ ಮಾಬಿನಿ ಕಾಲರಾದಿಂದ ತೀರಿಕೊಂಡದ್ದು ಇದೇ ಮನೆಯಲ್ಲಿ. ಆಗ ಅವರಿಗೆ 38 ವರ್ಷ.

ಬತಂಗಾಸ್ ಪ್ರಾಂತ್ಯದ ತನವಾನ್ ಊರಿನ ಬಡ ಕುಟುಂಬದಲ್ಲಿ 1864ರಲ್ಲಿ ಹುಟ್ಟಿದ ಮಾಬಿನಿ ಪಾದ್ರಿಯಾಗಬೇಕೆಂಬುದು ತಾಯಿಯ ಆಸೆಯಾಗಿತ್ತು, ಆದರೆ ಅವರು ಕಾನೂನು ಓದಿದರು. ಪದವಿ ಕೈಸೇರಿ ಹೆಚ್ಚು ಕಾಲ ಕಳೆಯುವ ಮೊದಲೇ ಪೋಲಿಯೊ ಅವರ ಎರಡೂ ಕಾಲುಗಳ ಬಲವನ್ನು ಕಸಿದುಕೊಂಡಿತು. 1898ರ ಜೂನ್‌ನಲ್ಲಿ, ಅವರ ಬರಹಗಳನ್ನು ಓದಿ ಮೆಚ್ಚಿದ್ದ ಸ್ಪೇನ್ ಆಳ್ವಿಕೆಯ ವಿರುದ್ಧದ ಕ್ರಾಂತಿಯ ನಾಯಕ ಎಮಿಲಿಯೊ ಅಗಿನಾಲ್ಡೊ ಹೇಳಿಕಳುಹಿಸಿದಾಗ, ಊರೂರಿನ ಜನ ಹೆಗಲು ಬದಲಾಯಿಸುತ್ತ ಅವರನ್ನು ಜೋಲಿಯಲ್ಲಿ ಹೊತ್ತು ಕವೀಟೆ ಪ್ರಾಂತ್ಯಕ್ಕೆ ತಲುಪಿಸಿದರು. ಆ ದೃಶ್ಯವನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಹೊಸ ಸರ್ಕಾರದ ಆದೇಶಗಳನ್ನೂ ಊರಾಡಳಿತದ ಕಟ್ಟಳೆಗಳನ್ನೂ ರೂಪಿಸಿದ ಅವರು 1899ರ ಜನವರಿಯಲ್ಲಿ ಫಿಲಿಪೀನ್ಸಿನ ಮೊದಲ ಪ್ರಧಾನಿಯಾದರು.

ವಿರೋಧಿಗಳು ಅವರನ್ನು ತೆರೆಮರೆಯಲ್ಲಿ ಆಡಿಸುವವರೆಂಬ ಅರ್ಥದಲ್ಲಿ ಅಧ್ಯಕ್ಷ ಅಗಿನಾಲ್ಡೊರ 'ಕತ್ತಲ ಕೋಣೆ' ಎಂದು ಕರೆದರು. ಅದು ರಾಜಕೀಯ ಎನ್ನೋಣ. ಆದರೆ ಅವರ ಕಾಲು ಬಿದ್ದುಹೋದದ್ದು ಸಿಫಿಲಿಸ್ ರೋಗದಿಂದ ಎಂಬ ಪಿಸುಮಾತು ಸತ್ತ ಮೇಲೂ ಅವರ ಬೆನ್ನು ಬಿಡಲಿಲ್ಲ. 1980ರಲ್ಲಿ ಅವರ ಅಸ್ಥಿಗಳನ್ನು ಹೊರತೆಗೆದು ಪರೀಕ್ಷಿಸಿದ ವೈದ್ಯರು ಕಾರಣ ಪೋಲಿಯೊ ಎಂದೇ ಹೇಳಿದರು. ತನ್ನ ಪರವಾಗಿ ಮಾತಾಡಲಾರದ ಮನುಷ್ಯನೊಬ್ಬ ಮೂಳೆಗಳ ಮೂಲಕ ಸಾಕ್ಷಿ ಹೇಳಬೇಕಾಗಿ ಬಂದದ್ದು ನನಗೆ ಇಂದಿಗೂ ಅನ್ಯಾಯವಾಗಿಯೇ ಕಾಣುತ್ತದೆ.

1899ರ ಡಿಸೆಂಬರ್‌ನಲ್ಲಿ ಅವರನ್ನು ಸೆರೆಹಿಡಿದ, ಸ್ಪೇನಿನಿಂದ ದೇಶವನ್ನು ಪಡೆದುಕೊಂಡಿದ್ದ ಅಮೆರಿಕನ್ನರು ಮುಂದೆ ಬಿಡುಗಡೆ ಮಾಡಿದರೂ, ಅವರ ಬರಹ ನಿಲ್ಲದ್ದರಿಂದ 1901ರ ಜನವರಿಯಲ್ಲಿ ಗ್ವಾಮ್ ದ್ವೀಪಕ್ಕೆ ಗಡೀಪಾರು ಮಾಡಿದರು. ಎರಡು ವರ್ಷ ಅಮೆರಿಕಕ್ಕೆ ನಿಷ್ಠೆಯ ಪ್ರಮಾಣವನ್ನು ನಿರಾಕರಿಸಿದ ಮಾಬಿನಿ, ತಾಯ್ನಾಡಿಗೆ ಮರಳಲು ಬೇರೆ ದಾರಿ ಉಳಿಯದಿದ್ದಾಗ, 1903ರ ಫೆಬ್ರವರಿಯಲ್ಲಿ ಪ್ರಮಾಣ ಸ್ವೀಕರಿಸಿದರು. ಅದನ್ನು ಸೋಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಗ್ವಾಮಿನಲ್ಲಿ ಬರೆದ ಕ್ರಾಂತಿಯ ಚರಿತ್ರೆಯಲ್ಲಿ ಅವರು ಯಾರಿಗೂ ತಲೆಬಾಗಿಲ್ಲ: ತಾವೇ ಸೇವೆ ಸಲ್ಲಿಸಿದ ಅಗಿನಾಲ್ಡೊರ ನಾಯಕತ್ವವನ್ನು ಖಂಡಿಸಿದರು, ಕ್ರಾಂತಿಗೆ ನಾಂದಿ ಹಾಡಿದ ಆಂದ್ರೆಸ್ ಬೊನಿಫಾಸಿಯೊರನ್ನು ಅಗಿನಾಲ್ಡೊ ಕಡೆಯವರು ಕೊಂದದ್ದನ್ನು ದೇಶಪ್ರೇಮದ ಮೇಲೆ ಸ್ವಾರ್ಥ ಸಾಧಿಸಿದ ಮೊದಲ ಗೆಲುವು ಎಂದರು.

ಆ ಪುಸ್ತಕವನ್ನು ಅವರು ಅರ್ಪಿಸಿದ್ದು ತೀರಿಹೋಗಿದ್ದ ತಾಯಿಗೆ. ನಿಲುವಂಗಿ ತೊಟ್ಟವರು ಮಾತ್ರವೇ ದೇವರ ಸೇವಕರಲ್ಲ ಎಂದು ಅಲ್ಲಿ ಆಕೆಗೆ ತಿಳಿಸಿ ಹೇಳಿದ್ದಾರೆ.