ಎದುರಾಳಿಯ ಚಕ್ರದ ಹಿಂದೆ ಐದು ಕಿಲೋಮೀಟರ್

ಕೇಳುಗರಿಗೆ ನಮಸ್ಕಾರ.

2024ರ ಜುಲೈ 14. ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆಯ ಹದಿನೈದನೇ ಹಂತ. ಪಿರನೀಸ್ ಪರ್ವತದಲ್ಲಿ ಪ್ಲಾಟೊ ದ ಬೇಯ್ ಎಂಬ ಏರು. ತುದಿಗೆ ಹತ್ತೂವರೆ ಕಿಲೋಮೀಟರ್ ಇರುವಾಗ ಡೆನ್ಮಾರ್ಕಿನ ಯೊನಾಸ್ ವಿಂಗೆಗಾರ್ಡ್ ಗುಂಪು ಬಿಟ್ಟು ಮುನ್ನುಗ್ಗಿದರು. ಒಟ್ಟು ಸಮಯದಲ್ಲಿ ಮುಂದಿರುವವರಿಗೆ ಸಿಗುವ ಹಳದಿ ಜೆರ್ಸಿ ತೊಟ್ಟಿದ್ದ ಸ್ಲೊವೇನಿಯಾದ ತಡೇಯ್ ಪೊಗಾಚರ್ ಅವರ ಹಿಂದಿನ ಚಕ್ರ ಹಿಡಿದು ಕೂತರು. ಮುಂದಿನ ಐದು ಕಿಲೋಮೀಟರ್ ಅವರು ಮುಂದೆ ಬಂದು ಗಾಳಿ ಸೀಳಲಿಲ್ಲ, ಮರುದಾಳಿಯನ್ನೂ ಮಾಡಲಿಲ್ಲ. ವಿಂಗೆಗಾರ್ಡ್ ಅವರ ವೇಗ ಸ್ವಲ್ಪ ಇಳಿದ ಗಳಿಗೆ ನೋಡಿ ಸೀಟಿನಿಂದ ಎದ್ದು ಮುನ್ನುಗ್ಗಿದರು. ಗುರಿ ಮುಟ್ಟುವಾಗ ಅಂತರ 1 ನಿಮಿಷ 8 ಸೆಕೆಂಡ್.

ಮೂರು ವಾರ, 21 ಹಂತ, ಸುಮಾರು 3,500 ಕಿಲೋಮೀಟರ್, ಎರಡೇ ವಿಶ್ರಾಂತಿ ದಿನ. ಎಲ್ಲ ಹಂತಗಳ ಸಮಯ ಕೂಡಿಸಿ ಯಾರದು ಕಡಿಮೆಯೋ ಅವರೇ ವಿಜೇತರು. ಇಂಥ ಸ್ಪರ್ಧೆಯಲ್ಲಿ ಮೆರೆಯುವ ಸವಾರನ ದಾಳಿಗಳೇ ಟೀವಿಯಲ್ಲಿ ಕಾಣುತ್ತವೆ. ನನ್ನ ಮಟ್ಟಿಗೆ 2024ರ ಪೊಗಾಚರ್ ಹಳೆಯ ಪೊಗಾಚರ್‌ಗಿಂತ ಬೇರೆಯಾಗಿ ಕಂಡದ್ದು ದಾಳಿ ಮಾಡದೆ ಬಿಟ್ಟ ಜಾಗಗಳಲ್ಲಿ.

ಮೊದಲು ಕಸುವಿನ ಮಾತು. ಪ್ಲಾಟೊ ದ ಬೇಯ್ ಏರಿನ ಉದ್ದ 15.8 ಕಿಲೋಮೀಟರ್, ಕಡಿದು ಸರಾಸರಿ ಶೇಕಡ 7.9. ಹತ್ತಬೇಕಾದ ಎತ್ತರ ಹತ್ತಿರ ಹತ್ತಿರ 1,250 ಮೀಟರ್. ಪೊಗಾಚರ್ ಅದನ್ನು 40 ನಿಮಿಷದ ಒಳಗೇ ಹತ್ತಿದರು. 1998ರಲ್ಲಿ ಇಟಲಿಯ ಮಾರ್ಕೊ ಪಂಟಾನಿ ತೆಗೆದುಕೊಂಡ ಸಮಯಕ್ಕಿಂತ ಇದು ಮೂರು ನಿಮಿಷಕ್ಕೂ ಮಿಕ್ಕಿ ಕಡಿಮೆ. ಒಂದು ಅಂದಾಜು ಲೆಕ್ಕ ಹಾಕೋಣ. ಸವಾರ 65 ಕೆ.ಜಿ., ಸೈಕಲ್, ಬಾಟಲಿ, ಬಟ್ಟೆ, ಶೂ ಎಲ್ಲ ಸೇರಿ 9 ಕೆ.ಜಿ. ಈ 74 ಕೆ.ಜಿ.ಯನ್ನು ಅಷ್ಟು ಹೊತ್ತಿನಲ್ಲಿ ಅಷ್ಟು ಎತ್ತರಕ್ಕೆ ಒಯ್ಯಲು 380 ವ್ಯಾಟ್ ಬೇಕು. ಟೈರು ರಸ್ತೆಗೆ ಉಜ್ಜುವುದಕ್ಕೆ 20 ವ್ಯಾಟ್, ಗಾಳಿಗೆ 40-45, ಚೈನಿನಲ್ಲಿ ಹತ್ತು ಹನ್ನೆರಡು ಸೋರಿಕೆ. ಒಟ್ಟು 450ರ ಆಸುಪಾಸು, ಅಂದರೆ ದೇಹದ ತೂಕದ ಪ್ರತಿ ಕೆ.ಜಿ.ಗೆ ಏಳು ವ್ಯಾಟ್‌ನ ಹತ್ತಿರ. ಭಾನುವಾರ ಬೆಳಿಗ್ಗೆ ನಂದಿಬೆಟ್ಟ ಹತ್ತುವ ಗಟ್ಟಿ ಹವ್ಯಾಸಿ ಸವಾರರು ಅಷ್ಟು ಹೊತ್ತು ಕೆ.ಜಿ.ಗೆ ನಾಲ್ಕು ವ್ಯಾಟ್ ಹಿಡಿದರೆ ಗೆಳೆಯರು ಬೆನ್ನು ತಟ್ಟುತ್ತಾರೆ. ಅದೂ ಇದು 198 ಕಿಲೋಮೀಟರ್ ಹಂತದ ಐದನೇ ಏರು. ಬೆಳಿಗ್ಗೆ ಹೊರಟ ಕೂಡಲೇ ಪೇರಸೂರ್ದ್ ಎಂಬ ಏರು ಹತ್ತಿ ಬಂದ ಕಾಲುಗಳು.

ಹಾಗಾದರೆ ಹಿಂದೆ ಕೂತದ್ದರಿಂದ ಆದ ಲಾಭವೇನು? ಗಂಟೆಗೆ 24 ಕಿಲೋಮೀಟರ್ ವೇಗದಲ್ಲಿ ಗಾಳಿಯ ಪಾಲು ಕಡಿಮೆ, ಚಕ್ರದ ಹಿಂದೆ ಅವಿತರೆ ಉಳಿಯುವುದು ಹತ್ತು ಹದಿನೈದು ವ್ಯಾಟ್. 450ರಲ್ಲಿ ಅದೇನು ಮಹಾ ಅನ್ನಿಸಬಹುದು. ಆದರೆ ಇಬ್ಬರೂ ಮಿತಿಯ ಅಂಚಿನಲ್ಲಿ ತುಳಿಯುವಾಗ ಒಬ್ಬರು ಅಂಚಿನ ಆಚೆ, ಇನ್ನೊಬ್ಬರು ಈಚೆ ಉಳಿಯಲು ಅಷ್ಟೇ ಸಾಕು. ಇನ್ನೊಂದು ದೊಡ್ಡ ಉಳಿತಾಯ ತಂಡದ್ದು. ಅಂದು ಇಡೀ ದಿನ ಮುಂದೆ ನಿಂತು ವೇಗ ಕಾಯ್ದದ್ದು ವಿಂಗೆಗಾರ್ಡ್ ಅವರ ತಂಡ. ಎದುರಾಳಿ ತನ್ನ ಆಳುಗಳನ್ನು ಖರ್ಚು ಮಾಡುತ್ತಿದ್ದರೆ ಹಳದಿ ಜೆರ್ಸಿಯವರು ಸುಮ್ಮನೆ ಹಿಂದೆ ಬರುವುದೇ ಸರಿ.

ಈ ತಾಳ್ಮೆ ಕಲಿಯುವ ಮೊದಲು ಪೊಗಾಚರ್ ಎರಡು ಸಲ ದುಬಾರಿ ಬೆಲೆ ತೆತ್ತಿದ್ದರು. 2022ರ ಹನ್ನೊಂದನೇ ಹಂತದಲ್ಲಿ ಗಾಲಿಬಿಯೇ ಏರಿನ ಮೇಲೆ ವಿಂಗೆಗಾರ್ಡ್ ಮತ್ತು ಪ್ರಿಮೋಜ್ ರೊಗ್ಲಿಚ್ ಸರದಿಯ ಮೇಲೆ ದಾಳಿ ಮಾಡಿದರು. ಒಂದೇ ತಂಡದ ಇಬ್ಬರು, ಒಬ್ಬರ ನಂತರ ಒಬ್ಬರು. ಪೊಗಾಚರ್ ಪ್ರತಿ ದಾಳಿಗೂ ತಾವೇ ಎದ್ದು ಉತ್ತರ ಕೊಟ್ಟರು. ಕೊನೆಯ ಏರು ಕೊಲ್ ದು ಗ್ರಾನೋದಲ್ಲಿ ಬರಿದಾಗಿ 2 ನಿಮಿಷ 51 ಸೆಕೆಂಡ್ ಕಳೆದುಕೊಂಡರು, ಜೆರ್ಸಿಯೂ ಹೋಯಿತು. 2023ರಲ್ಲಿ ಏಪ್ರಿಲ್‌ನ ಲಿಯೇಜ್ ಸ್ಪರ್ಧೆಯಲ್ಲಿ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು, ತಯಾರಿ ಅರೆಬರೆಯಾಯಿತು. ಮೊದಲ ಎರಡು ವಾರ ಸೆಕೆಂಡುಗಳ ಲೆಕ್ಕದಲ್ಲಿ ಹೋರಾಡಿ, ಹದಿನೇಳನೇ ಹಂತದ ಕೊಲ್ ದ ಲಾ ಲೋಜ್ ಏರಿನಲ್ಲಿ ಕುಸಿದರು. ಒಂದೇ ದಿನ ವಿಂಗೆಗಾರ್ಡ್‌ಗಿಂತ 5 ನಿಮಿಷ 45 ಸೆಕೆಂಡ್ ಹಿಂದೆ.

ಇಂಥ ಕುಸಿತದ ಹಿಂದೆ ಬಹುಮಟ್ಟಿಗೆ ಇರುವುದು ಇಂಧನ. ದೇಹ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಡುವ ಗ್ಲೈಕೋಜನ್, ಅಂದರೆ ಸಕ್ಕರೆಯ ದಾಸ್ತಾನು, ಸುಮಾರು ಅರ್ಧ ಕಿಲೊ. ಪರ್ವತದ ಹಂತದಲ್ಲಿ ಅದು ಎರಡು ಮೂರು ಗಂಟೆಯಲ್ಲಿ ತಳ ಕಾಣುತ್ತದೆ. ಹಾಗಾಗಿ ಈಗ ವೃತ್ತಿಪರ ಸವಾರರು ಗಂಟೆಗೆ 120 ಗ್ರಾಂವರೆಗೂ ಕಾರ್ಬೋಹೈಡ್ರೇಟ್ ಒಳಗೆ ಹಾಕುತ್ತಾರೆ. ಐದು ಗಂಟೆಯ ಹಂತಕ್ಕೆ 600 ಗ್ರಾಂ. ಗ್ಲೂಕೋಸ್ ಒಂದನ್ನೇ ಕುಡಿದರೆ ಕರುಳು ಗಂಟೆಗೆ 60 ಗ್ರಾಂ ಸುಮಾರಿಗೆ ಸುಸ್ತು ಹೊಡೆಯುತ್ತದೆ. ಫ್ರಕ್ಟೋಸ್‌ಗೆ ಕರುಳಿನಲ್ಲಿ ಬೇರೆ ದಾರಿ. ಆದ್ದರಿಂದ ಒಂದು ಪಾಲು ಗ್ಲೂಕೋಸ್‌ಗೆ 0.8 ಪಾಲು ಫ್ರಕ್ಟೋಸ್ ಬೆರೆಸಿ ಎರಡೂ ದಾರಿಯಲ್ಲಿ ಕಳಿಸುತ್ತಾರೆ. ಇದಕ್ಕೂ ತಿಂಗಳುಗಟ್ಟಲೆ ತಾಲೀಮು ಬೇಕು. ತಾಲೀಮಿಲ್ಲದ ಹೊಟ್ಟೆಗೆ ಸ್ಪರ್ಧೆಯ ದಿನ 120 ಗ್ರಾಂ ಸುರಿದರೆ ಹೊಟ್ಟೆ ಉಬ್ಬರ, ವಾಕರಿಕೆ ಗ್ಯಾರಂಟಿ. ಹಸಿವೆ ಆದ ಮೇಲೆ ತಿಂದರೂ ತಡವೇ, ತಿಂದ ಸಕ್ಕರೆಯ ಜೆಲ್ ಕಾಲಿಗೆ ಮುಟ್ಟುವಷ್ಟರಲ್ಲಿ ಎದುರಾಳಿ ತಿರುವು ದಾಟಿರುತ್ತಾರೆ. ಕೊನೆಯ ಕಿಲೋಮೀಟರ್‌ಗಳಲ್ಲಿ ತಂಡದ ಕಾರಿನಿಂದ ಆಹಾರ ಪಡೆಯುವಂತೆಯೂ ಇಲ್ಲ. 2013ರಲ್ಲಿ ಆಲ್ಪ್ ದ್ಯುಯೇಜ್ ಏರಿನ ಮೇಲೆ ಬ್ರಿಟನ್ನಿನ ಸವಾರ ಕ್ರಿಸ್ ಫ್ರೂಮ್ ಒಂದು ಜೆಲ್ ತಿಂದದ್ದಕ್ಕೆ 20 ಸೆಕೆಂಡ್ ದಂಡ ಬಿತ್ತು. ಆ ಸ್ಥಿತಿಯಲ್ಲಿ ನಿಮಿಷಗಳನ್ನು ಕಳೆದುಕೊಳ್ಳುವುದಕ್ಕಿಂತ ದಂಡವೇ ಅಗ್ಗ ಅಂತ ಫ್ರೂಮ್ ಲೆಕ್ಕ ಹಾಕಿದ್ದರೆ ತಪ್ಪೆನ್ನಲಾಗದು.

2024ಕ್ಕೆ ಪೊಗಾಚರ್ ಹಲವು ಬದಲಾವಣೆ ಮಾಡಿಕೊಂಡರು. ತರಬೇತುದಾರರು ಬದಲಾದರು, ಹಾವಿಯರ್ ಸೋಲಾ ಬಂದರು. ಪೆಡಲನ್ನು ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, 172.5 ಮಿಲಿಮೀಟರ್ ಇದ್ದದ್ದು 165ಕ್ಕೆ ಇಳಿಯಿತು. ಕ್ರ್ಯಾಂಕ್ ಗಿಡ್ಡವಾದರೆ ಮೇಲೆ ಬರುವ ಮೊಣಕಾಲು ಎದೆಗೆ ಅಷ್ಟಾಗಿ ಒತ್ತುವುದಿಲ್ಲ. ಬಗ್ಗಿ ಕೂತರೂ ಉಸಿರಾಟ ಸಲೀಸು, ಪೆಡಲೂ ಬೇಗ ತಿರುಗುತ್ತದೆ. ಮೇ ತಿಂಗಳ ಜಿರೋ ದಿಟಾಲಿಯಾಗೆ, ಅಂದರೆ ಇಟಲಿಯ ಮೂರು ವಾರದ ಸ್ಪರ್ಧೆಗೆ ಮುಂಚೆ ಅವರು ಸ್ಪರ್ಧಿಸಿದ್ದು ಹತ್ತೇ ದಿನ. ಜಿರೋವನ್ನು 9 ನಿಮಿಷ 56 ಸೆಕೆಂಡ್ ಅಂತರದಲ್ಲಿ, ಆರು ಹಂತ ಗೆದ್ದು ಮುಗಿಸಿದರು. ಐದು ವಾರದ ಬಿಡುವಿನ ನಂತರ ಟೂರ್. ಒಂದೇ ವರ್ಷ ಇವೆರಡನ್ನೂ ಗೆಲ್ಲುವುದು 1998ರ ಪಂಟಾನಿ ನಂತರ ಯಾರಿಗೂ ಆಗಿರಲಿಲ್ಲ.

ಈಗ ಲೆಕ್ಕದ ಭಾಗ, ನನಗೆ ಅತ್ಯಂತ ರುಚಿಸುವುದು ಇದೇ. ನಾಲ್ಕನೇ ಹಂತ, ಗಾಲಿಬಿಯೇ. ನೆತ್ತಿಗೆ ಒಂದು ಕಿಲೋಮೀಟರ್ ಕೂಡ ಇಲ್ಲದಿದ್ದಾಗ ಪೊಗಾಚರ್ ಎದ್ದರು. ಅಷ್ಟು ತಡವಾಗಿ ಎದ್ದರೆ ಏರಿನ ಮೇಲೆ ಸಿಗುವುದು ಕೆಲವೇ ಸೆಕೆಂಡು. ಆದರೆ ಮುಂದೆ ವಾಲ್ವಾರ್‌ವರೆಗೆ ಹತ್ತೊಂಬತ್ತು ಕಿಲೋಮೀಟರ್ ಇಳಿಜಾರು. ಅಲ್ಲಿ ಒಂಟಿಯಾಗಿ ತಿರುವು ಕತ್ತರಿಸುವವರಿಗೇ ಅನುಕೂಲ. ಗುರಿಯಲ್ಲಿ ವಿಂಗೆಗಾರ್ಡ್ 37 ಸೆಕೆಂಡ್ ಹಿಂದೆ. ಜೊತೆಗೆ ಬೋನಸ್, ಅಂದರೆ ಒಟ್ಟು ಸಮಯದಿಂದ ಕಳೆಯುವ ಸೆಕೆಂಡ್: ನೆತ್ತಿಯಲ್ಲಿ ಮೊದಲಿಗರಾದ ಪೊಗಾಚರ್‌ಗೆ 8, ಎರಡನೆಯವರಾದ ವಿಂಗೆಗಾರ್ಡ್‌ಗೆ 5. ಗುರಿಯಲ್ಲಿ ಮೊದಲಿಗರಿಗೆ 10. ಕೂಡಿ ಕಳೆದರೆ ಅಂತರ ಸರಿಯಾಗಿ 50 ಸೆಕೆಂಡ್. (ಆ ದಿನ ಏರಿನ ಮೇಲೆ ಪೊಗಾಚರ್ ತಂಡದ ಅಲ್ಮೇಡಾ ತಮ್ಮದೇ ಸಹ ಸವಾರ ಆಯುಸೊ ಕಡೆ ಕೈ ಬೀಸಿ, ಮುಂದೆ ಬಂದು ಕೆಲಸ ಮಾಡು ಅಂತ ಸನ್ನೆ ಮಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿಬಿತ್ತು. ನಾಯಕ ಆಗಬಲ್ಲವರನ್ನೇ ತುಂಬಿಕೊಂಡ ತಂಡದ ತಲೆನೋವು ಅದು.)

ಹನ್ನೊಂದನೇ ಹಂತ, ಲ ಲಿಯೊರಾನ್. ಇಲ್ಲಿ ಹಳೆಯ ಪೊಗಾಚರ್ ಮತ್ತೆ ಕಾಣಿಸಿದರು. ಗುರಿಗೆ 31 ಕಿಲೋಮೀಟರ್ ಇರುವಾಗಲೇ ದಾಳಿ. ಮುಂದೆ ಇನ್ನೂ ಏರುಗಳಿವೆ, ಜೊತೆಗೆ ಯಾರೂ ಇಲ್ಲ. ವಿಂಗೆಗಾರ್ಡ್ ಗಾಬರಿಬೀಳದೆ ತಮ್ಮದೇ ವೇಗದಲ್ಲಿ ಬಂದು ಹಿಡಿದರು, ಕೊನೆಯ ಓಟದಲ್ಲಿ ಗೆದ್ದೂಬಿಟ್ಟರು. ಪೊಗಾಚರ್ ಸೋತರು ಅಂತ ಸುದ್ದಿಯಾಯಿತು. ಲೆಕ್ಕ ನೋಡಿ: ಗುರಿಯ ಬೋನಸ್‌ನಲ್ಲಿ ವಿಂಗೆಗಾರ್ಡ್‌ಗೆ ನಾಲ್ಕು ಸೆಕೆಂಡ್ ಲಾಭ, ಏರಿನ ಬೋನಸ್‌ನಲ್ಲಿ ಪೊಗಾಚರ್‌ಗೆ ಮೂರು. ಒಟ್ಟು ಅಂತರ 1 ನಿಮಿಷ 15 ಸೆಕೆಂಡ್ ಇದ್ದದ್ದು 1 ನಿಮಿಷ 14 ಆಯಿತು. ನಿಜವಾಗಿ ಏಟು ತಿಂದವರು 33 ಸೆಕೆಂಡ್ ಕಳೆದುಕೊಂಡ ಬೆಲ್ಜಿಯಂನ ಸವಾರ ಎವೆನೆಪೋಲ್.

ಮೂರು ದಿನ ಬಿಟ್ಟು ಪ್ಲಾ ದಾದೆ ಏರಿನಲ್ಲಿ ತಂತ್ರ ತಿದ್ದಿಕೊಂಡಿತು. ಮೊದಲು ಸಹ ಸವಾರ ಆಡಮ್ ಯೇಟ್ಸ್ ಮುಂದೆ ಹೋದರು. ವಿಂಗೆಗಾರ್ಡ್ ಯೇಟ್ಸ್ ಬೆನ್ನು ಹತ್ತದೆ ಬಿಟ್ಟ ಮೇಲೆ ಪೊಗಾಚರ್ ಸಿಡಿದು ಯೇಟ್ಸ್ ಚಕ್ರ ಸೇರಿದರು, ಅಲ್ಲಿ ಒಂದಿಷ್ಟು ಆಸರೆ ಪಡೆದು ಒಂಟಿಯಾಗಿ ಹೊರಟರು. 39 ಸೆಕೆಂಡ್. ಮರುದಿನವೇ ಪ್ಲಾಟೊ ದ ಬೇಯ್. ಒಂದು ವಾರಾಂತ್ಯದಲ್ಲಿ 1 ನಿಮಿಷ 14 ಇದ್ದದ್ದು 3 ನಿಮಿಷ 9 ಆಯಿತು. ವಿಂಗೆಗಾರ್ಡ್ ಏಪ್ರಿಲ್‌ನಲ್ಲಿ ಬಾಸ್ಕ್ ನಾಡಿನ ಸ್ಪರ್ಧೆಯಲ್ಲಿ ಬಿದ್ದು ಪಕ್ಕೆಲುಬು ಮುರಿದು ಶ್ವಾಸಕೋಶಕ್ಕೂ ಪೆಟ್ಟಾಗಿದ್ದವರು ಎಂಬುದನ್ನು ಇಲ್ಲಿ ಮರೆಯಬಾರದು. ನೀಸ್‌ನಲ್ಲಿ ಟೂರ್ ಮುಗಿದಾಗ ಅಂತರ 6 ನಿಮಿಷ 17 ಸೆಕೆಂಡ್.

2025ರ ಟೂರ್‌ನಲ್ಲಿ ಖರ್ಚಿನ ಕ್ರಮ ಬೇರೆ. ಹನ್ನೆರಡನೇ ಹಂತದ ಓಟಕಾಮ್ ಏರಿನಲ್ಲಿ 2 ನಿಮಿಷ 10 ಸೆಕೆಂಡ್, ಮರುದಿನದ ಬೆಟ್ಟದ ಟೈಮ್ ಟ್ರಯಲ್‌ನಲ್ಲಿ (ಒಬ್ಬೊಬ್ಬರೇ ಗಡಿಯಾರದ ಎದುರು ತುಳಿಯುವ ಹಂತ) ಇನ್ನಷ್ಟು. ಅಲ್ಲಿಗೆ ಗಂಟು ಕಟ್ಟಿಕೊಂಡಾಗಿತ್ತು. ಏರುಗಳಲ್ಲಿ ಬಲಗೈಯಾಗಿದ್ದ ಅಲ್ಮೇಡಾ ಏಳನೇ ಹಂತದಲ್ಲಿ ಬಿದ್ದು, ಒಂಬತ್ತರಲ್ಲಿ ಹೊರನಡೆದಿದ್ದರು. ಹಳದಿ ಜೆರ್ಸಿಗೆ ಇನ್ನೊಂದು ತೆರಿಗೆಯೂ ಉಂಟು: ವೇದಿಕೆ, ಉದ್ದೀಪನ ಮದ್ದಿನ ಪರೀಕ್ಷೆ, ಪತ್ರಕರ್ತರು. ಉಳಿದವರು ಬಸ್ಸಿನಲ್ಲಿ ಅನ್ನ ಉಣ್ಣುವಾಗ ಇವರು ಕ್ಯಾಮೆರಾ ಮುಂದೆ. ಮೂರನೇ ವಾರ ಮುಖದಲ್ಲಿ ದಣಿವು ಎದ್ದು ಕಾಣುತ್ತಿತ್ತು.

ಹತ್ತೊಂಬತ್ತನೇ ಹಂತ ಲಾ ಪ್ಲಾನ್ಯಿಗೆ. ಮಳೆ ಹುಯ್ಯುತ್ತಿತ್ತು. ನೆದರ್ಲೆಂಡ್ಸ್‌ನ ಟೈಮನ್ ಆರೆನ್ಸ್‌ಮನ್ ಮುಂದೆ ನುಗ್ಗಿದರು. ಒಟ್ಟು ಪಟ್ಟಿಯಲ್ಲಿ ತೀರಾ ಹಿಂದಿದ್ದವರು, ಅವರಿಂದ ಅಪಾಯವಿಲ್ಲ. ಪೊಗಾಚರ್ ಗುಂಪಿನ ತಲೆಯಲ್ಲಿ ನಿಂತು ಒಂದೇ ವೇಗ ಹಿಡಿದರು. ಯಾರಿಗೂ ದಾಳಿ ಮಾಡುವ ಮನಸ್ಸು ಬಾರದಷ್ಟು ಜೋರು, ತಮ್ಮ ಕಾಲು ಒಡೆಯದಷ್ಟು ನಿಧಾನ. ಆರೆನ್ಸ್‌ಮನ್ ಎರಡು ಸೆಕೆಂಡ್ ಮುಂದೆ ಗುರಿ ಮುಟ್ಟಿದರು, ಅವರ ಹಿಂದೆ ವಿಂಗೆಗಾರ್ಡ್. ಪೊಗಾಚರ್ ಮೂರನೆಯವರಾಗಿ ಬಂದರು, ನಾಲ್ಕು ನಿಮಿಷಕ್ಕೂ ಮಿಕ್ಕ ಮುನ್ನಡೆ ಹಾಗೇ ಉಳಿದಿತ್ತು.

ನಮಸ್ಕಾರ.